ಅವ್ವನ ಜೊತೆ ಡ್ರೋನ್ ಪರೀಕ್ಷೆಗೆ ಓದಿದ್ದು

ಈಚೆಗೆ ನನಗೊಂದು ಚಾಳಿ ಅಂಟಿಕೊಂಡಿದೆ. ಯಾರು ಏನೇ ಕೇಳಲಿ, ಅದಕ್ಕೆ ನಾಲ್ಕು ಉತ್ತರಗಳು ಒಂದರ ಕೆಳಗೊಂದು ಸಾಲುಗಟ್ಟಿ ನಿಂತಂತೆ ಕಾಣುತ್ತವೆ. ಮೊನ್ನೆ ಸಂತೆಯಲ್ಲಿ ತರಕಾರಿಯವಳು, ಬದನೆಕಾಯಿ ಎಷ್ಟು ಹಾಕಲಿ ಎಂದು ಕೇಳಿದಳು. ಮೊದಲನೆಯದು, ಅರ್ಧ ಕಿಲೋ. ಎರಡನೆಯದು, ಒಂದು ಕಿಲೋ. ಮೂರನೆಯದು, ಬದನೆಕಾಯಿ ಬೇಡ. ನಾಲ್ಕನೆಯದು, ಮೇಲಿನ ಯಾವುದೂ ಅಲ್ಲ. ನಾನು ಯೋಚಿಸಿ ಆರಿಸುವಷ್ಟರಲ್ಲಿ ಆಕೆ ಪಕ್ಕದವರಿಗೆ ತೂಗಿ ಕೊಟ್ಟಾಗಿತ್ತು. ಮನೆಯಲ್ಲೂ ಅಷ್ಟೆ. ಗಂಡ "ಕಾಫಿ ಐತಾ?" ಎಂದರೆ ತಕ್ಷಣ ಹೂಂ ಎನ್ನಲು ಬಾಯಿ ಬರುವುದಿಲ್ಲ. ತಪ್ಪು ಹೇಳಿದರೆ ಅವರ ಹಣೆಯ ಮೇಲೆ ಕೆಂಪು ಕತ್ತರಿ ಗುರುತು ಮೂಡೀತೆಂದು ಒಂದು ಗಳಿಗೆ ಮುಖ ನೋಡುತ್ತೇನೆ. ಅವರು ಮೊದಲೇ ಮಾತು ಕಡಿಮೆಯ ಮನುಷ್ಯ. ಈಗ ಕೇಳುವುದನ್ನೇ ಬಿಟ್ಟು ತಾವೇ ಅಡುಗೆಮನೆಗೆ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಾರೆ.

ಕಾರಣ ಹೇಳಿದರೆ ನೀವು ನಗುತ್ತೀರಿ. ನಗಿ, ನಮ್ಮೂರಿನವರೆಲ್ಲ ಆಗಲೇ ನಕ್ಕು ಮುಗಿಸಿದ್ದಾರೆ. ಐವತ್ತರ ಅಂಚಿಗೆ ಬಂದಿರುವ ನಾನು, ಕಂಬಂ ಕಣಿವೆಯಲ್ಲಿ ಕೊಂಬೈ ಪಕ್ಕದ ಒಂದು ಹಳ್ಳಿಯ ಹೆಂಗಸು, ಡ್ರೋನ್ ಹಾರಿಸುವ ಪೈಲಟ್ ಪರೀಕ್ಷೆಗೆ ಕೂತೆ. ಸೈಕಲ್ ಕೂಡ ನೆಟ್ಟಗೆ ಬಿಡಲು ಬಾರದವಳು. ಒಮ್ಮೆ ಗಂಡನ ಮೊಪೆಡ್ ಕಲಿಯಲು ಹೋಗಿ ಪಕ್ಕದ ಮನೆಯ ಕೋಳಿಗೂಡಿಗೆ ನುಗ್ಗಿಸಿದವಳು. ಅಂಥವಳ ಕೈಗೆ ಆಕಾಶವನ್ನೇ ಕೊಡುತ್ತಾರಂತೆ ಎಂದು ನಮ್ಮ ಓಣಿಯ ಗಂಡಸರು ಟೀ ಅಂಗಡಿಯಲ್ಲಿ ತಿಂಗಳುಗಟ್ಟಲೆ ಆಡಿಕೊಂಡರು.

ಆದದ್ದು ಇಷ್ಟು. ನಮ್ಮ ಹೆಂಗಸರ ಸ್ವಸಹಾಯ ಗುಂಪಿಗೆ ಔಷಧಿ ಹೊಡೆಯುವ ಒಂದು ಡ್ರೋನ್ ಸಿಗುವ ಅವಕಾಶ ಬಂತು. ಆದರೆ ಗುಂಪಿನ ಒಬ್ಬಳಾದರೂ ಪರೀಕ್ಷೆ ಪಾಸು ಮಾಡಿ ಪೈಲಟ್ ಸರ್ಟಿಫಿಕೇಟ್ ತರಬೇಕು. ಬತ್ತದ ನಾಟಿ ಮುಗಿಯುವುದರೊಳಗೆ ತರದಿದ್ದರೆ ಡ್ರೋನ್ ಪಕ್ಕದ ಊರಿನ ಗುಂಪಿಗೆ ಹೋಗುತ್ತದೆ. ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಔಷಧಿ ಹೊಡೆಯುವುದು ಏನೆಂದು ನಮ್ಮ ಗುಂಪಿನ ಪ್ರತಿಯೊಬ್ಬಳಿಗೂ ಗೊತ್ತು. ಡಬ್ಬಿಯ ಪಟ್ಟಿ ಉಜ್ಜಿದ ಗಾಯ ಹೆಗಲ ಮೇಲೆ ಕಪ್ಪಾಗಿ ಉಳಿಯುತ್ತದೆ. ಸಂಜೆ ಊಟಕ್ಕೆ ಕೂತರೆ ತುತ್ತಿನಲ್ಲೂ ಔಷಧಿಯ ವಾಸನೆ. ಹಾಗಾಗಿ ಆ ಡ್ರೋನ್ ನಮಗೆ ಬೇಕೇ ಬೇಕಿತ್ತು. ಪರೀಕ್ಷೆಗೆ ಹತ್ತನೇ ತರಗತಿ ಪಾಸಾಗಿರಬೇಕೆಂದಾಗ ಎಲ್ಲರೂ ನನ್ನ ಕಡೆ ತಿರುಗಿದರು. ಗುಂಪಿನ ಮುಂದಾಳು ಸೆಲ್ವಿಯಕ್ಕ ಅಲ್ಲೇ ತೀರ್ಪು ಕೊಟ್ಟುಬಿಟ್ಟಳು.

"ಗೌರೀ, ನೀ ಓದು. ನಾವು ಸಾಮೀನ ಬೇಡ್ಕಂತೀವಿ. ಬಿರ್ರನೆ ಪಾಸಾಗ್ಬಿಡು, ಅಷ್ಟೇ."

ಇಲ್ಲಿ ನಮ್ಮ ಮಾತಿನ ವಿಷಯ ಒಂದಿಷ್ಟು ಹೇಳಬೇಕು, ಇಲ್ಲದಿದ್ದರೆ ತಮಿಳುನಾಡಿನ ಮೂಲೆಯ ಹೆಂಗಸು ಕನ್ನಡದಲ್ಲಿ ಏಕೆ ಬರೆಯುತ್ತಿದ್ದಾಳೆಂದು ನಿಮಗೆ ಅನ್ನಿಸೀತು. ನಮ್ಮವರು ಎಷ್ಟೋ ತಲೆಮಾರಿನ ಹಿಂದೆ ದನ ಹೊಡೆದುಕೊಂಡು ಈ ಕಣಿವೆಗೆ ಬಂದವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಮ್ಮ ಕನ್ನಡಕ್ಕೆ ಅಕ್ಷರವಿಲ್ಲ, ಬಾಯಿ ಮಾತ್ರ. ಮದುವೆಯಾದ ಹೊಸತರಲ್ಲಿ ಗಂಡ ಮೈಸೂರಿನಲ್ಲಿ ತೆಂಗಿನಕಾಯಿ ಮಂಡಿ ಇಟ್ಟಿದ್ದರಿಂದ ಕೆಲವು ವರ್ಷ ಅಲ್ಲಿದ್ದೆ. ಪಕ್ಕದ ಮನೆಯ ಟೀಚರಮ್ಮ ಮಕ್ಕಳಿಗೆ ಪಾಠ ಹೇಳುವಾಗ ನಾನೂ ಗೋಡೆಗೊರಗಿ ಕೂತು ಅಕ್ಷರ ಕಲಿತೆ. ಆಮೇಲೆ ಕೈಗೆ ಸಿಕ್ಕಿದ ವಾರಪತ್ರಿಕೆಯನ್ನೆಲ್ಲ ಓದುವ ಹುಚ್ಚು ಹಿಡಿಯಿತು. ಮಂಡಿ ಮುಚ್ಚಿ ಊರಿಗೆ ವಾಪಸಾದಾಗ ಒಂದು ಮೂಟೆ ಹಳೆಯ ಪತ್ರಿಕೆ ನನ್ನ ಜೊತೆ ಲಾರಿಯಲ್ಲಿ ಬಂತು. ಗಂಡ ಅದನ್ನು ತವರಿನ ಬಳುವಳಿ ಎಂದು ಕರೆದು ಇವತ್ತಿಗೂ ಅಟ್ಟದಿಂದ ಇಳಿಸಲು ಬಿಡುವುದಿಲ್ಲ.

ನಮ್ಮ ಮನೆಯಲ್ಲಿ ಈಗ ನಾಲ್ಕು ಜನ. ಗಂಡ, ನಾನು, ತೇನಿಯ ಕಾಲೇಜಿಗೆ ಹೋಗುವ ಮಗಳು ದೀಪಾ, ಮತ್ತೆ ಅಪ್ಪ ತೀರಿಕೊಂಡ ಮೇಲೆ ನಮ್ಮ ಜೊತೆ ಇರಲು ಬಂದ ನನ್ನ ಅವ್ವ. ದೀಪಾಗೆ ನಮ್ಮ ಮಾತು ಪೂರ್ತಿ ತಿಳಿಯುತ್ತದೆ, ಆದರೆ ಉತ್ತರ ಬರುವುದು ತಮಿಳಿನಲ್ಲಿ. ಅವ್ವ ಕನ್ನಡದಲ್ಲಿ ಕೇಳುತ್ತಾಳೆ, ದೀಪಾ ತಮಿಳಿನಲ್ಲಿ ಹೇಳುತ್ತಾಳೆ, ಇಬ್ಬರಿಗೂ ಜಗಳವಿಲ್ಲ.

ಇನ್ನು ಓದಿನ ಕಥೆ. ಪಾಠದ ಪುಸ್ತಕ ತೆರೆದರೆ ನನಗೆ ನಿದ್ದೆ. ಇದು ಚಿಕ್ಕಂದಿನಿಂದ ಬಂದ ಗುಣ. ಹತ್ತನೇ ತರಗತಿಯಲ್ಲಿ ಕೊಟ್ಟಿಗೆಯ ಗುಂಡು ಬಲ್ಬಿನ ಕೆಳಗೆ ಕೂತು ಇತಿಹಾಸ ಓದುತ್ತಿದ್ದೆ. ಪಕ್ಕದಲ್ಲಿ ನಮ್ಮ ಕರಿಹಸು ಮೆಲುಕು ಹಾಕುವ ಸದ್ದು ಜೋಗುಳದ ಹಾಗೆ ಕೇಳಿ, ಎಷ್ಟೋ ರಾಜರು ಪಟ್ಟಕ್ಕೆ ಬರುವ ಮೊದಲೇ ನಾನು ಹುಲ್ಲಿನ ಮೇಲೆ ಒರಗಿರುತ್ತಿದ್ದೆ. ಒಮ್ಮೆ ಎದ್ದು ನೋಡಿದರೆ ಅರ್ಧ ಭೂಗೋಳವನ್ನು ಕರು ತಿಂದುಹಾಕಿತ್ತು. ಟೀಚರ್ ನಂಬಲಿಲ್ಲ. ಅಪ್ಪ ಶಾಲೆಗೇ ಬಂದು, ಹೌದು ಟೀಚರೇ, ಕರುವಿಗೆ ಎರಡು ದಿನ ಹೊಟ್ಟೆ ಸರಿಯಿರಲಿಲ್ಲ ಎಂದು ಸಾಕ್ಷಿ ಹೇಳಬೇಕಾಯಿತು.

ಹಾಗಾಗಿ ದೀಪಾ ನನಗೆ ಒಂದು ದಾರಿ ಹಾಕಿಕೊಟ್ಟಳು. ಮೊದಲು ಫೋನಿನಲ್ಲಿ ವೀಡಿಯೋ ನೋಡುವುದು. ಅದು ಮುಗಿದ ಕೂಡಲೇ ಅದೇ ವಿಷಯದ ಮೇಲೆ ಅಭ್ಯಾಸ ಪರೀಕ್ಷೆ ತೆಗೆದುಕೊಳ್ಳುವುದು. ಎಲ್ಲಿ ತಪ್ಪಾಯಿತೋ ಅಲ್ಲಿಗೆ ಮತ್ತೆ ವೀಡಿಯೋ. ಕೇಳಲು ಸುಲಭ. ಆದರೆ ವೀಡಿಯೋಗಳಲ್ಲೂ ಜಾತಿಗಳಿವೆಯೆಂದು ನನಗೆ ಗೊತ್ತಿರಲಿಲ್ಲ. ಹಿಂದಿಯ ಒಬ್ಬರು ರೈಲು ಹಿಡಿಯುವವರ ಹಾಗೆ ಮಾತಾಡುತ್ತಿದ್ದರು. ತಮಿಳಿನ ಒಬ್ಬರು ಚೆನ್ನಾಗಿಯೇ ಹೇಳುತ್ತಿದ್ದರು, ಆದರೆ ಹಿಂದೆ ಸಿನಿಮಾದ ಹೊಡೆದಾಟಕ್ಕೆ ಹಾಕುವಂಥ ಸಂಗೀತ. ಬ್ಯಾಟರಿ ಚಾರ್ಜ್ ಮಾಡುವುದನ್ನು ಹೇಳುವಾಗಲೂ ಇನ್ನೇನು ಯಾರೋ ಕತ್ತಿ ಹಿಡಿದು ಬರುತ್ತಾರೆನ್ನಿಸುತ್ತಿತ್ತು. ಹುಡುಕುತ್ತ ಹೋದಾಗ ಒಂದು ಮಧ್ಯಾಹ್ನ ಕನ್ನಡದ ಒಬ್ಬ ಹುಡುಗ ಸಿಕ್ಕಿದ. ಕರ್ನಾಟಕದ ಯಾವ ಊರಿನವನೋ, ಹೊಲದ ಬದುವಿನ ಮೇಲೆ ನಿಂತು, ಟೋಪಿ ಹಾಕಿಕೊಂಡು, ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ನಿಧಾನವಾಗಿ ವಿವರಿಸುತ್ತಿದ್ದ.

ಆ ಹೊತ್ತಿಗೆ ಅವ್ವ ಮತ್ತು ನಾನು ಜಗುಲಿಯಲ್ಲಿ ಸಣ್ಣ ಈರುಳ್ಳಿ ಬಿಡಿಸುತ್ತಿದ್ದೆವು. ಫೋನನ್ನು ಹುಣಸೆಹಣ್ಣಿನ ಜಾಡಿಗೆ ಒರಗಿಸಿ ಇಟ್ಟಿದ್ದೆ. "ನಮಸ್ಕಾರ ಸ್ನೇಹಿತರೇ, ಎಲ್ಲರೂ ಹೇಗಿದ್ದೀರಿ?" ಎಂದು ಅವನು ಶುರುಮಾಡಿದ. ಅವ್ವನ ಕೈ ಈರುಳ್ಳಿಯ ಮೇಲೆ ನಿಂತಿತು.

"ಯಾರ್ ತಾಯೀ ಅದು? ನಮ್ ಮಾತಾಡ್ತಾವ್ನೆ?"

"ಪಾಠ ಹೇಳೋ ಪಯ್ಯ ಅವ್ವ. ಡ್ರೋನ್ ಪಾಠ."

"ಸುಖವಾಗಿವ್ನಿ ಅಪ್ಪಾ," ಎಂದು ಅವ್ವ ಫೋನಿಗೆ ಹೇಳಿದಳು. "ನೀ ಉಂಡ್ಯಾ?"

ಅವನು ಅದಕ್ಕೆ ಉತ್ತರ ಕೊಡದೆ ಗಾಳಿಯ ವೇಗದ ವಿಷಯಕ್ಕೆ ಹೋದದ್ದಕ್ಕೆ ಅವ್ವನಿಗೆ ಸ್ವಲ್ಪವೂ ಬೇಸರವಾಗಲಿಲ್ಲ. ಕೆಲಸದ ಮೇಲಿರುವವರು ಹಾಗೇ ಎಂದು ಸಮಾಧಾನ ಮಾಡಿಕೊಂಡಳು. ಅವನ ಕನ್ನಡ ನಮ್ಮ ಕನ್ನಡವಲ್ಲ. 'ಅತ್ಯಂತ', 'ಪ್ರಮುಖವಾದ' ಎಂದೆಲ್ಲ ಹೇಳುತ್ತಿದ್ದ. ಅಂಥ ಕಡೆ ಅವ್ವ ಹುಬ್ಬು ಗಂಟಿಕ್ಕುತ್ತಿದ್ದಳು. ಆದರೆ ನಡುವೆ 'ಬದು' ಎಂದೋ 'ಮೋಡ' ಎಂದೋ 'ಮುಂಗೈ' ಎಂದೋ ಬಂದುಬಿಟ್ಟರೆ ಜನಜಂಗುಳಿಯಲ್ಲಿ ಗುರುತಿನವರು ಕಂಡಂತೆ ಮುಖ ಅರಳುತ್ತಿತ್ತು.

ಆವತ್ತಿನಿಂದ ಅವನು ನಮ್ಮ ಮನೆಯ ನೆಂಟನಾದ. ಅವನು "ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಬೇಡಿ ಸ್ನೇಹಿತರೇ" ಎಂದರೆ ಅವ್ವ "ಮಾಡಲ್ಲಪ್ಪ" ಎಂದು ಮಾತು ಕೊಡುತ್ತಿದ್ದಳು. "ಇದು ನಿಮಗೆ ಅರ್ಥವಾಯಿತು ಅಂದುಕೊಳ್ಳುತ್ತೇನೆ" ಎಂದರೆ, "ನಂಗಾತು. ಇವ್ಳಿಗೇ ಆಗಿಲ್ಲ, ಮೊಕ ನೋಡು" ಎಂದು ನನ್ನ ಮೇಲೆ ಚಾಡಿ. ನಾನು ಯಾವುದಾದರೂ ಒಂದು ಕಡೆ ಬರೆದುಕೊಳ್ಳಲೆಂದು ವೀಡಿಯೋ ನಿಲ್ಲಿಸಿದರೆ ಅವಳಿಗೆ ಕೋಪ ಬರುತ್ತಿತ್ತು.

"ಮಾತಾಡ್ತಾ ಇರೋರ ಬಾಯಿ ಮುಚ್ಚಿಸ್ತಾರಾ? ಬಾಯಿ ತೆರ್ಕಂಡು ನಿಂತವ್ನೆ, ಪಾವಂ. ಮರ್ಯಾದಿ ಬ್ಯಾಡ್ವಾ?"

ಕಾಲೇಜಿನಿಂದ ಬಂದ ದೀಪಾ ಒಂದು ದಿನ ಬಿದ್ದು ಬಿದ್ದು ನಕ್ಕು, ಅಜ್ಜಿಗೆ, ಪಾಟಿ, ಅದು ವೀಡಿಯೋ, ಅವನಿಗೆ ನಿಮ್ಮ ಮಾತು ಕೇಳುವುದಿಲ್ಲ ಎಂದು ತಮಿಳಿನಲ್ಲಿ ಬಿಡಿಸಿ ಹೇಳಿದಳು.

"ಅಷ್ಟು ಗೊತ್ತಿಲ್ವಾ ನಂಗೆ?" ಎಂದಳು ಅವ್ವ. "ಅವ್ನಿಗೆ ಕೇಳಲ್ಲ. ನಂಗೆ ಕೇಳ್ತದಲ್ಲ."

ನಾನು ಈರುಳ್ಳಿಯ ನೆಪದಲ್ಲಿ ಕಣ್ಣೊರೆಸಿಕೊಂಡೆ. ಈರುಳ್ಳಿಯಿಂದ ಹೆಂಗಸರಿಗೆ ಇರುವ ಉಪಕಾರ ಇದೊಂದೇ.

ವೀಡಿಯೋ ಹೀಗೆ ಸುಖವಾಗಿ ಸಾಗಿತು, ಪರೀಕ್ಷೆ ಸಾಗಲಿಲ್ಲ. ಅಭ್ಯಾಸ ಪರೀಕ್ಷೆಯ ಪ್ರಶ್ನೆಗಳು ಇಂಗ್ಲಿಷಿನಲ್ಲಿ. ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಓದಿ, ಆ ಹುಡುಗ ಹೇಳಿದ್ದನ್ನು ಕನ್ನಡದಲ್ಲಿ ನೆನೆದು, ತಮಿಳಿನಲ್ಲಿ ಯೋಚಿಸಿ, ಮತ್ತೆ ಇಂಗ್ಲಿಷಿನ ಉತ್ತರಕ್ಕೆ ಬೆರಳು ಒತ್ತುವಷ್ಟರಲ್ಲಿ ಫೋನಿನ ಗಡಿಯಾರ ಮುಗಿದಿರುತ್ತಿತ್ತು. ಮೊದಲ ಸಲ ಫೇಲಾದಾಗ ಪರದೆಯ ಮೇಲೆ ಅಳುವ ಮುಖವೊಂದು ಬಂತು. ಎರಡನೆಯ ಸಲವೂ ಅದೇ ಮುಖ. ಮೂರನೆಯ ಸಲ ನಾನೇ ಅದಕ್ಕಿಂತ ಮೊದಲು ಅತ್ತೆ. ಸೆಲ್ವಿಯಕ್ಕ ದಿನವೂ ಸಂಜೆ ಹಾಲಿಗೆ ಹೋಗುವ ದಾರಿಯಲ್ಲಿ ನಮ್ಮ ಬೇಲಿಯ ಹತ್ತಿರ ನಿಂತು "ಏನ್ ಗೌರಿ, ಎಲ್ಲಿವರ್ಗೂ ಬಂತು?" ಎನ್ನುವಳು. ಪಕ್ಕದ ಊರಿನ ಗುಂಪಿನಲ್ಲೂ ಒಬ್ಬಳು ಓದುತ್ತಿದ್ದಾಳೆ, ಅವಳು ಬಿ.ಎ. ಮಾಡಿದವಳು ಎಂಬ ಸುದ್ದಿಯನ್ನೂ ಅವಳೇ ತಂದಳು. ನನಗೆ ಅವತ್ತು ಊಟ ಸೇರಲಿಲ್ಲ.

ಕಡೆಗೆ ನನಗೊಂದು ಉಪಾಯ ಹೊಳೆಯಿತು. ಓದಿದ್ದನ್ನು ಅವ್ವನಿಗೆ ಹೇಳಿಬಿಡುವುದು. ಚಿಕ್ಕವಳಿದ್ದಾಗ ನಮ್ಮಲ್ಲಿ ಏನನ್ನೇ ಕಲಿತರೂ ಬಾಯಿಂದ ಬಾಯಿಗೇ ಕಲಿತದ್ದು. ಅಪ್ಪ ನಮ್ಮ ದೇವರ ದನಗಳ ಹಿಂಡನ್ನು ಕಾಯುವವರಲ್ಲಿ ಒಬ್ಬ. ಯಾವ ಹಸು ಯಾವ ಹಸುವಿನ ಮಗಳು, ಅದರ ಅವ್ವ ಯಾವುದು, ಅದರ ಅಜ್ಜಿ ಯಾರ ಮನೆಯಿಂದ ಬಂದದ್ದು ಎಂದು ಊಟದ ಹೊತ್ತಿಗೆ ಹೇಳಿಸುತ್ತಿದ್ದ. ತಪ್ಪಿದರೆ ತಟ್ಟೆಗೆ ಎರಡನೇ ಸಲ ಸಾರು ಬೀಳುತ್ತಿರಲಿಲ್ಲ. ನನ್ನ ಸ್ವಂತ ಮುತ್ತಜ್ಜಿಯ ಹೆಸರು ನನಗೆ ಗೊತ್ತಿಲ್ಲ, ಆದರೆ ಬಿಳಿಕೊಂಬು ಎಂಬ ಹಸುವಿನ ಮುತ್ತಜ್ಜಿ ಯಾರೆಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ.

ಅದೇ ರೀತಿ ಡ್ರೋನ್ ಪಾಠವನ್ನೂ ಅವ್ವನ ಮುಂದೆ ಒಪ್ಪಿಸತೊಡಗಿದೆ. ನಕ್ಷೆಯಲ್ಲಿ ವಿಮಾನ ನಿಲ್ದಾಣದ ಸುತ್ತ ಕೆಂಪು ಜಾಗ, ಅಲ್ಲಿ ಹಾರಿಸಲೇಬಾರದು. ಹಳದಿ ಜಾಗದಲ್ಲಿ ಅಪ್ಪಣೆ ಕೇಳಿ ಹಾರಿಸಬೇಕು. ಹಸಿರಿನಲ್ಲಿ ಕೇಳಬೇಕಿಲ್ಲ, ಆದರೆ ಬಹಳ ಮೇಲೆ ಹೋಗಬಾರದು. ಅವ್ವ ಕೇಳಿ, "ಕೆಂಪು ಗರ್ಭಗುಡಿ, ಹಳದಿ ಪೂಜಾರಿ ನಿಂತ್ಕಳೋ ಜಾಗ, ಹಸಿರು ನಾವು ನಿಂತ್ಕಳೋದು" ಎಂದು ತನಗೆ ಬೇಕಾದಂತೆ ಇಟ್ಟುಕೊಂಡಳು. ಆಮೇಲೆ ಪ್ರಶ್ನೆಗಳನ್ನೂ ನಮ್ಮ ಮಾತಿಗೆ ತಿರುಗಿಸಿ ಕೇಳತೊಡಗಿದೆ. ಅವ್ವ ನಾಲ್ಕು ಉತ್ತರವನ್ನೂ ಕೇಳಿ, ತಲೆ ತೂಗಿ, ಗಂಭೀರವಾಗಿ ಒಂದನ್ನು ಹೇಳುವಳು. ಹೆಚ್ಚಾಗಿ ಅದು ತಪ್ಪೇ ಆಗಿರುತ್ತಿತ್ತು. ಅವಳ ತಪ್ಪನ್ನು ತಿದ್ದಿ ತಿದ್ದಿ ನನಗೆ ಪಾಠ ನೆಟ್ಟಗಾಯಿತು. ಅಳುವ ಮುಖ ಬರುವುದು ಕಡಿಮೆಯಾಗಿ, ಕಡೆಗೊಂದು ದಿನ ಚಪ್ಪಾಳೆ ತಟ್ಟುವ ಕೈಗಳು ಬಂದವು. ಅವ್ವ ಫೋನಿನ ದೃಷ್ಟಿ ತೆಗೆದಳು.

ಒಂದೇ ಒಂದು ಪ್ರಶ್ನೆಯಲ್ಲಿ ಮಾತ್ರ ಅವಳು ಸೋಲಲು ಒಪ್ಪಲಿಲ್ಲ. ನೀವು ಡ್ರೋನ್ ಹಾರಿಸುವ ಜಾಗಕ್ಕೆ ದನಕರು ಬಂದರೆ ಏನು ಮಾಡುತ್ತೀರಿ ಎಂಬುದು ಪ್ರಶ್ನೆ. ಒಂದು, ಇನ್ನೂ ಮೇಲಕ್ಕೆ ಹಾರಿಸಿ ಕೆಲಸ ಮುಂದುವರಿಸುವುದು. ಎರಡು, ಡ್ರೋನಿನಿಂದಲೇ ಅವನ್ನು ಓಡಿಸುವುದು. ಮೂರು, ಡ್ರೋನನ್ನು ಇದ್ದಲ್ಲೇ ನಿಲ್ಲಿಸಿ, ಅವು ಹೋದ ಮೇಲೆ ಸುರಕ್ಷಿತವಾಗಿ ಇಳಿಸುವುದು. ನಾಲ್ಕು, ಏನೂ ಮಾಡಬೇಕಿಲ್ಲ.

ಅವ್ವ ನಾಲ್ಕನ್ನೂ ಕೇಳಿ, ಇನ್ನೊಂದು ಸಲ ಹೇಳಿಸಿ, ನನ್ನ ಮುಖವನ್ನೇ ನೋಡಿದಳು.

"ಇದ್ರಾಗ ಕೈ ಮುಗಿಯೋದು ಎಲ್ಲೈತೆ?"

ಇಲ್ಲವೆಂದೆ. ಹಾಗಿದ್ದರೆ ಪ್ರಶ್ನೆ ಬರೆದವನಿಗೇ ದನ ಗೊತ್ತಿಲ್ಲ ಎಂದು ತೀರ್ಮಾನ ಮಾಡಿ ಅವ್ವ ಮುಂದಿನ ಪ್ರಶ್ನೆಗೆ ಹೋಗು ಎಂದಳು.

ನಿಮಗೆ ಇದು ವಿಚಿತ್ರವೆನಿಸಬಹುದು. ನಮ್ಮ ಜನಕ್ಕೆ ಒಂದು ದೇವರ ಹಿಂಡಿದೆ. ಸಂಕ್ರಾಂತಿಯ ದಿನ ನಮ್ಮ ಮನೆಯಲ್ಲಿ ಹುಟ್ಟಿದ ಕರು ನಮ್ಮದಲ್ಲ, ಹಿಂಡಿನದು. ಆ ಹಸುಗಳ ಹಾಲನ್ನು ನಾವು ಕರೆಯುವುದಿಲ್ಲ, ಅದು ಕರುವಿಗೆ. ಹಿಂಡಿಗೊಂದು ಪಟ್ಟದ ಗೂಳಿ. ಹಳೆಯದು ತೀರಿಕೊಂಡರೆ ಮನೆಯ ಹಿರಿಯರನ್ನು ಕಳೆದುಕೊಂಡಂತೆ ಅಳುತ್ತೇವೆ. ಹೊಸದನ್ನು ಆರಿಸುವುದು ನಾವಲ್ಲ. ಒಂದು ಹೊರೆ ಕಬ್ಬನ್ನು ಹಿಂಡಿನ ಮುಂದೆ ಇಡುತ್ತಾರೆ. ಯಾವ ಗೂಳಿ ಮುಂದೆ ಬಂದು ಮೊದಲು ಬಾಯಿ ಹಾಕುತ್ತದೋ ಅದಕ್ಕೆ ಪಟ್ಟ. ನಾನು ಚಿಕ್ಕವಳಾಗಿ ಅಪ್ಪನ ಹೆಗಲ ಮೇಲೆ ಕೂತು ಅದನ್ನು ಒಮ್ಮೆ ನೋಡಿದ್ದೇನೆ. ಅಷ್ಟು ಜನ ಸೇರಿದ್ದರೂ ಒಬ್ಬರೂ ಕೆಮ್ಮಲಿಲ್ಲ. ದೊಡ್ಡ ದೊಡ್ಡ ಗೂಳಿಗಳು ಕಬ್ಬನ್ನು ಮೂಸಿ ಆಚೆ ಹೋದವು. ಯಾರೂ ಎಣಿಸದ ಒಂದು ಎಳೆಯ ಗೂಳಿ ಬಂದು ಕರಕ್ಕೆಂದು ಕಚ್ಚಿತು. ಅಪ್ಪನ ಹೆಗಲು ನನ್ನ ಕೆಳಗೆ ನಡುಗಿದ್ದು ಇನ್ನೂ ನೆನಪಿದೆ. ನಾನು ಕಂಡ ಪರೀಕ್ಷೆಗಳಲ್ಲಿ ಅತಿ ದೊಡ್ಡದು ಅದೇ. ಒಂದೇ ಪ್ರಶ್ನೆ, ಅಭ್ಯಾಸ ಪರೀಕ್ಷೆ ಇಲ್ಲ, ಓದಿಕೊಂಡು ಬಂದವರಿಗೆ ಹೆಚ್ಚೇನೂ ಸಿಗುವುದಿಲ್ಲ.

ಬೇಸಿಗೆಯಲ್ಲಿ ಅಪ್ಪ ಹಿಂಡಿನ ಜೊತೆ ಘಟ್ಟ ಹತ್ತಿಬಿಡುತ್ತಿದ್ದ. ವಾರಗಟ್ಟಲೆ ಬಿಟ್ಟು ಇಳಿದು ಬಂದಾಗ ಅವನ ಕಂಬಳಿಯಲ್ಲಿ ಕಾಡಿನ ಹುಲ್ಲಿನ ವಾಸನೆ. ಹಿಂಡು ಓಣಿಯಲ್ಲಿ ಬರುವಾಗ ನಾವು ಮಕ್ಕಳೆಲ್ಲ ಆಟ ಬಿಟ್ಟು ಪಕ್ಕಕ್ಕೆ ನಿಲ್ಲಬೇಕು. ಕೈಯಲ್ಲಿರುವುದನ್ನು ಬಿಟ್ಟು ಕೈ ಮುಗಿಯಬೇಕು. ಒಮ್ಮೆ ನನ್ನ ಕೈಯಲ್ಲಿ ಎಣ್ಣೆಯ ಬಾಟಲಿ ಇತ್ತು. ಅದನ್ನೂ ಬಿಟ್ಟೆ. ಅವ್ವ ಒಡೆದ ಬಾಟಲಿಗೆ ಬೈಯಲಿಲ್ಲ, ಕೈ ಮುಗಿದದ್ದಕ್ಕೆ ಬೆಲ್ಲ ಕೊಟ್ಟಳು. ಇಂಥ ತಾಯಿಯ ಮಗಳು ನಾನು.

ಪರೀಕ್ಷೆ ಇದ್ದದ್ದು ದಿಂಡಿಗಲ್ ಪಕ್ಕದ ಒಂದು ತರಬೇತಿ ಕೇಂದ್ರದಲ್ಲಿ. ಮೊದಲು ಕೆಲವು ದಿನ ಅಲ್ಲೇ ಉಳಿದು ಕಲಿಯಬೇಕು, ಆಮೇಲೆ ಪರೀಕ್ಷೆ. ಬಸ್ಸು ವತ್ತಲಗುಂಡು ದಾಟುವಾಗ ಕಿಟಕಿಯಿಂದ ಮಲ್ಲಿಗೆಯ ವಾಸನೆ ಬರುತ್ತಿತ್ತು. ಪಳನಿಗೆ ನಡೆದು ಹೋಗುವವರು ರಸ್ತೆಯ ಪಕ್ಕದಲ್ಲಿ ಸಾಲಾಗಿ ಹೋಗುತ್ತಿದ್ದರು. ನನ್ನ ಪಕ್ಕದಲ್ಲಿ ಕೂತ ಅಜ್ಜಿಗೆ ಎಲ್ಲಿಗೆ ಹೋಗುತ್ತಿದ್ದೇನೆಂದು ಹೇಳಿದಾಗ ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಕಾಲಿಗೆ ಏನಾದರೂ ಆಗಿ ಆಸ್ಪತ್ರೆಗೆ ಹೋಗುತ್ತಿದ್ದಿ ಅಂದುಕೊಂಡೆ ಎಂದಳು. ನಾನು ಹಾಕಿದ್ದ ದೀಪಾಳ ಕ್ಯಾನ್ವಾಸ್ ಶೂ ಕಚ್ಚಿ ನಾನು ಕುಂಟುತ್ತಿದ್ದದ್ದು ನಿಜ.

ಕೇಂದ್ರದಲ್ಲಿ ಎಲ್ಲರೂ ನನಗಿಂತ ಚಿಕ್ಕವರು. ಊಟದ ಸಾಲಿನಲ್ಲಿ ನನ್ನನ್ನು ಅಡುಗೆಯವಳೆಂದು ತಿಳಿದು ಒಬ್ಬ ತಟ್ಟೆ ಚಾಚಿದ. ನಾನೂ ಸುಮ್ಮನೆ ಒಂದು ಸೌಟು ಸಾಂಬಾರು ಹಾಕಿಬಿಟ್ಟೆ. ಸಂಜೆ ಅವ್ವನ ಜೊತೆ ಮಾತಾಡಲು ಮನೆಗೆ ಫೋನ್ ಮಾಡಿದರೆ ಅವಳ ಮೊದಲ ಪ್ರಶ್ನೆ, "ಆ ಪಯ್ಯ ಅಲ್ಲಿ ಅವ್ನಾ?" ಇಲ್ಲ ಅವ್ವ ಎಂದರೆ, "ಮತ್ತೆ ನೀ ಯಾರ್ ತಾವ ಕೇಳ್ಕಂತೀಯಾ?" ಎಂದು ಅವಳಿಗೆ ನನ್ನ ಚಿಂತೆ. ಬರೆಯುವ ಪರೀಕ್ಷೆ ಚೆನ್ನಾಗಿಯೇ ಆಯಿತು. ಕೆಂಪು, ಹಳದಿ, ಹಸಿರು ಬಂದಾಗ ನನಗೆ ಗುಡಿಯೇ ಕಣ್ಣಮುಂದೆ ಬಂತು. ದನದ ಪ್ರಶ್ನೆಯೂ ಬಂತು. ಅವ್ವನ ಕ್ಷಮೆ ಕೇಳಿ ಮೂರನೆಯದನ್ನು ಒತ್ತಿದೆ.

ಉಳಿದದ್ದು ಹಾರಿಸಿ ತೋರಿಸುವ ಪರೀಕ್ಷೆ. ಬೆಳಗ್ಗೆ ಬಯಲಿನಲ್ಲಿ ನಿಂತಾಗ ಸೆಲ್ವಿಯಕ್ಕನ ಮುಖ, ಗುಂಪಿನ ಹೆಂಗಸರ ಹೆಗಲುಗಳು, ಬಿ.ಎ. ಮಾಡಿದ ಆ ಕಾಣದ ಹುಡುಗಿ, ಎಲ್ಲವೂ ನೆನಪಾದವು. ಇಲ್ಲಿ ಫೇಲಾದರೆ ಮತ್ತೆ ಬರುವಷ್ಟರಲ್ಲಿ ನಾಟಿ ಮುಗಿದಿರುತ್ತದೆ. ರಿಮೋಟನ್ನು ಪಟ್ಟಿಯಿಂದ ಕೊರಳಿಗೆ ಹಾಕಿಕೊಂಡೆ. ಪರೀಕ್ಷಕರು ನನ್ನ ತಮ್ಮನ ವಯಸ್ಸಿನವರು, ಕಪ್ಪು ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದರು. ಏರಿಸಿದೆ, ಚೌಕ ಹಾಕಿದೆ, ಸುತ್ತು ಹಾಕಿದೆ. ಡ್ರೋನ್ ಒಂದಿಷ್ಟೂ ಅಲುಗಲಿಲ್ಲ. ಇನ್ನು ಇಂಗ್ಲಿಷ್ ಎಂಟರ ಆಕಾರದಲ್ಲಿ ಹಾರಿಸುವುದೊಂದೇ ಬಾಕಿ.

ಅರ್ಧ ಎಂಟು ಹಾಕಿ ಆಗಿತ್ತು. ಎಲ್ಲಿಂದಲೋ ಕೊರಳಗಂಟೆಯ ಸದ್ದು ಬಂತು. ಬೇಲಿಯ ಸಂದಿಯಿಂದ ಬಿಳಿಯ ಗೂಳಿಯೊಂದು ಬಯಲಿನೊಳಕ್ಕೆ ನಡೆದು ಬಂತು. ಎತ್ತರದ ಹಿಣಿಲು, ಒಳಕ್ಕೆ ಬಾಗಿದ ಕೊಂಬು, ಯಾರ ಹಂಗೂ ಇಲ್ಲದ ನಡಿಗೆ. ಆಮೇಲೆ ಏನಾಯಿತೆಂದರೆ, ನಾನು ಏನೂ ಮಾಡಲಿಲ್ಲ, ನನ್ನ ಕೈಗಳು ಮಾಡಿದವು. ಎರಡೂ ರಿಮೋಟನ್ನು ಬಿಟ್ಟು ಎದೆಯ ಮುಂದೆ ಕೂಡಿಕೊಂಡವು. ಆ ಒಂದು ಗಳಿಗೆ ನಾನು ದಿಂಡಿಗಲ್‌ನಲ್ಲಿ ಇರಲಿಲ್ಲ. ನಮ್ಮ ಓಣಿಯಲ್ಲಿದ್ದೆ, ಹಿಂಡಿನ ಹಿಂದೆ ಅಪ್ಪ ಬರುತ್ತಿದ್ದ, ಅವನ ಕಂಬಳಿಯ ವಾಸನೆ ಕೂಡ ಬಂತು.

ಕೈ ಬಿಟ್ಟರೆ ಡ್ರೋನ್ ಬೀಳುವುದಿಲ್ಲ. ಇದ್ದ ಜಾಗದಲ್ಲೇ ನಿಂತುಕೊಳ್ಳುತ್ತದೆ. ಹಾಗೇ ನಿಂತಿತು. ಪರೀಕ್ಷಕರು ಆಕಾಶ ನೋಡುತ್ತಿದ್ದವರು, ಶಭಾಷ್, ದನ ಕಂಡ ಕೂಡಲೇ ನಿಲ್ಲಿಸಿಬಿಟ್ಟಿರಿ ಎಂದು ತಮಿಳಿನಲ್ಲಿ ಮೆಚ್ಚಿಕೊಂಡು ನನ್ನ ಕಡೆ ತಿರುಗಿದರು. ಮುಗಿದ ಕೈ ಕಂಡಿತು. ಕನ್ನಡಕ ತೆಗೆದರು.

"ಅಮ್ಮಾ, ಕೈ ಎಲ್ಲಿ?"

ಸುಳ್ಳು ಹೇಳಬಹುದಿತ್ತು. ಬೆವರು ಒರೆಸಿಕೊಂಡೆ ಎನ್ನಬಹುದಿತ್ತು. ಹೊಳೆಯಲೇ ಇಲ್ಲ. ಪಟ್ಟದ ಗೂಳಿ, ದೇವರ ಹಿಂಡು, ನನ್ನ ಅಪ್ಪ ಎಂದು ಏನೇನೋ ತೊದಲಿದೆ. ಅವರು ತಾಳ್ಮೆಯಿಂದ ಕೇಳಿ ಗೇಟಿನ ಕಡೆ ಕೈ ತೋರಿಸಿದರು. ಅದು ಅಲ್ಲಿನ ಟೀ ಅಂಗಡಿಯವರ ಗೂಳಿಯಂತೆ, ಅದರ ಹೆಸರು ರಾಜಾ, ದಿನವೂ ಈ ಹೊತ್ತಿಗೆ ಬಾಳೆಹಣ್ಣಿನ ಸಿಪ್ಪೆ ತಿನ್ನಲು ಬರುತ್ತದಂತೆ. ನಾನು ಭೂಮಿಗೆ ಇಳಿದುಹೋದೆ. ಡ್ರೋನ್ ಮಾತ್ರ ಇನ್ನೂ ಮೇಲೆಯೇ ಇತ್ತು.

ಅವರು ನಗಲಿಲ್ಲ. ಡ್ರೋನ್ ಮಾಡಿದ್ದು ಸರಿ, ನಿಮ್ಮ ಕೈ ಮಾಡಿದ್ದು ತಪ್ಪು, ಹಾರುತ್ತಿರುವಾಗ ಕೈ ಬಿಡುವ ಹಾಗಿಲ್ಲ, ಎಂಟನ್ನು ಮೊದಲಿನಿಂದ ಹಾಕಿ ಎಂದರು. ರಾಜಾ ಅಲ್ಲೇ ಸಿಪ್ಪೆ ಅಗಿಯುತ್ತ ನಿಂತು ನನ್ನನ್ನು ನೋಡುತ್ತಿತ್ತು. ಅದರ ಕಡೆ ನೋಡದೆ ಹಲ್ಲು ಕಚ್ಚಿ ಪೂರ್ತಿ ಎಂಟು ಹಾಕಿದೆ, ಮನಸ್ಸಿನೊಳಗೆ ಮಾತ್ರ ಮತ್ತೊಮ್ಮೆ ಕೈ ಮುಗಿದೆ. ಇಳಿಸಿದಾಗ ಡ್ರೋನ್ ಗುರುತಿನ ನಡುವೆಯೇ ಕೂತಿತು. ಪರೀಕ್ಷಕರು ತಲೆಯಾಡಿಸಿ, ಪಾಸು, ಹೋಗಿ ಟೀ ಕುಡಿಯಿರಿ ಎಂದರು. ಆ ಅಂಗಡಿಯಲ್ಲೇ ಕುಡಿದೆ.

ಊರಿಗೆ ಬಂದಾಗ ಬಸ್ ನಿಲ್ದಾಣಕ್ಕೇ ಗುಂಪಿನ ಹೆಂಗಸರೆಲ್ಲ ಬಂದಿದ್ದರು. ಸೆಲ್ವಿಯಕ್ಕ ನನ್ನ ತಲೆಗೆ ಮುಡಿಸಿದ ಮಲ್ಲಿಗೆಯ ಭಾರಕ್ಕೆ ಕತ್ತು ನೋಯುತ್ತಿತ್ತು. ಸ್ವಲ್ಪ ದಿನದಲ್ಲೇ ಡ್ರೋನೂ ಬಂತು. ನಾಟಿಯಾದ ಗದ್ದೆಗಳ ಮೇಲೆ ಅದು ಸುಯ್ಯೆಂದು ಹೋಗುವಾಗ ಬದುವಿನ ಮೇಲೆ ನಿಂತ ಹೆಂಗಸರು ತಮ್ಮ ಹೆಗಲನ್ನು ತಾವೇ ಮುಟ್ಟಿಕೊಳ್ಳುತ್ತಿದ್ದರು. ಟೀ ಅಂಗಡಿಯ ಗಂಡಸರು ಈಗ ನನ್ನ ಹತ್ತಿರ ದಿನ ಗೊತ್ತು ಮಾಡಿಕೊಳ್ಳಲು ಬರುತ್ತಾರೆ. ಬೆಳಗ್ಗೆ ಗಾಳಿ ಏಳುವ ಮೊದಲೇ ಹೊರಟರೆ ನಾನು ಮನೆಗೆ ಬರುವುದು ಮಧ್ಯಾಹ್ನ. ಬಂದರೆ ಫೋನಿನ ಮೇಲೆ ಫೋನು, ಎಲ್ಲವೂ ತಮಿಳಿನಲ್ಲಿ.

ನನಗೆ ಖುಷಿಯಿತ್ತು. ಮನೆಯಲ್ಲಿ ಏನೋ ಕಡಿಮೆಯಾಗಿದೆ ಎಂಬುದು ಗಮನಕ್ಕೇ ಬರಲಿಲ್ಲ. ಅವ್ವ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಳು, ಮಾತ್ರೆ ನುಂಗುತ್ತಿದ್ದಳು. ಊಟ ಆಯ್ತಾ ಅವ್ವ, ಆಯ್ತು. ಮಾತ್ರೆ ತಗಂಡ್ಯಾ, ತಗಂಡೆ. ದಿನಕ್ಕೆ ಇಷ್ಟೇ ಕನ್ನಡ.

ಒಂದು ಭಾನುವಾರ ಕೆಲಸವಿರಲಿಲ್ಲ. ಜಗುಲಿಯಲ್ಲಿ ಮೊರ ಇಟ್ಟುಕೊಂಡು ಇಬ್ಬರೂ ಈರುಳ್ಳಿ ಬಿಡಿಸಲು ಕೂತೆವು. ಅವ್ವ ಹುಣಸೆ ಜಾಡಿಯನ್ನು ಹತ್ತಿರಕ್ಕೆ ಎಳೆದು ಇಟ್ಟಳು. ನಾನು ಅದಕ್ಕೆ ಏನನ್ನೂ ಒರಗಿಸಲಿಲ್ಲ. ಅವಳು ಮೊರದ ಅರ್ಧ ಈರುಳ್ಳಿಯ ಸಿಪ್ಪೆ ಸುಲಿದಳು.

"ಪರೀಚ್ಚೆ ಮುಗ್ದೋತಾ ತಾಯೀ?"

"ಮುಗೀತಲ್ಲ ಅವ್ವ. ಪಾಸಾದ್ನಲ್ಲ, ಮರ್ತ್ಯಾ?"

"ಮರ್ತಿಲ್ಲ," ಎಂದಳು. "ಇನ್ನೊಂದು ಇಲ್ವಾ?"

ನನ್ನ ಕೈಯಲ್ಲಿದ್ದ ಈರುಳ್ಳಿ ಮೊರಕ್ಕೆ ಬಿತ್ತು. ಅಷ್ಟು ತಿಂಗಳು ಅವಳು ನನ್ನ ಜೊತೆ ಓದಿದ್ದಳು. ಕೆಂಪು, ಹಳದಿ, ಹಸಿರು ಎಲ್ಲವನ್ನೂ ಕೇಳಿದ್ದಳು, ತಪ್ಪು ಉತ್ತರ ಹೇಳಿ ನನ್ನ ಕೈಯಲ್ಲಿ ತಿದ್ದಿಸಿಕೊಂಡಿದ್ದಳು, ಸಂಜೆಯಾದರೆ ಸೆರಗು ಸರಿಮಾಡಿಕೊಂಡು ಪಾಠಕ್ಕೆ ಕಾಯುತ್ತಿದ್ದಳು. ಪಾಸಾದವಳು ನಾನು, ಶಾಲೆ ಮುಚ್ಚಿಹೋದದ್ದು ಅವಳಿಗೆ. ತನ್ನ ಮಾತಿನಲ್ಲಿ ತನ್ನ ಮಗಳು ಅಷ್ಟು ಹೊತ್ತು ಎದುರು ಕೂತು ಮಾತಾಡಿದ್ದು ಅವಳಿಗೆ ಎಷ್ಟು ಕಾಲದ ಮೇಲೆ ಸಿಕ್ಕಿತ್ತೋ. ನನಗೆ ತುಂಬ ದುಃಖವಾಯಿತು, ಅದನ್ನು ಅವಳಿಗೆ ತೋರಿಸಲು ನಾಚಿಕೆಯೂ ಆಯಿತು.

"ಐತೆ ಅವ್ವ," ಎಂದೆ. "ಇದ್ಕಿಂತ ದೊಡ್ಡ ಡ್ರೋನ್ ಬರ್ತದೆ. ಅದ್ಕೆ ಬ್ಯಾರೆ ಪರೀಚ್ಚೆ."

"ಪಾಠ ಜಾಸ್ತಿಯಾ?"

"ಜಾಸ್ತಿ. ಕಷ್ಟ ಬ್ಯಾರೆ. ಫೇಲಾದ್ರೂ ಆಗ್ತೀನಿ."

ಅವ್ವ ಸೆರಗಿನಿಂದ ಕೈ ಒರೆಸಿಕೊಂಡು, ಜಾಡಿಯನ್ನು ಇನ್ನೂ ಸ್ವಲ್ಪ ನನ್ನ ಕಡೆಗೆ ಸರಿಸಿದಳು.

"ಅವಸರ ಏನೈತೆ?" ಎಂದಳು. "ನಿಧಾನಕ್ಕೆ ಪಾಸಾಗು, ತಾಯೀ."